ದ್ಯಾಮಕ್ಕ ಕರೆಯದೆ ಬಿಟ್ಟ ಓಣಿ

ಹೊಸಹಳ್ಳಿಯಲ್ಲಿ ಮದುವೆಯ ಪತ್ರಿಕೆ ಕೈಗೆ ಬಂದರೆ ಅದು ಸುದ್ದಿ ಮಾತ್ರ, ಕರೆಯಲ್ಲ. ಯಾರಾದರೂ ಹೊಸ್ತಿಲ ಮುಂದೆ ನಿಂತು ಬಾಯಿತುಂಬ ಕರೆಯಬೇಕು. ಕರೆಯದ ಮನೆಯವರು ಹೋಗುವುದಿಲ್ಲ. ಯಾಕೆ ಕರೆಯಲಿಲ್ಲ ಎಂದು ಕೇಳುವುದೂ ಇಲ್ಲ. ಕೇಳಿದರೆ ಊಟಕ್ಕೆ ಬಾಯಿಬಿಟ್ಟರು ಎಂದಾಗುತ್ತದೆ.

ನಮ್ಮ ಕಡೆಯ ಓಣಿಗಳಿಗೆಲ್ಲ ಕರೆಯುವವಳು ದ್ಯಾಮಕ್ಕ. ಉಳಿದ ದಿನಗಳಲ್ಲಿ ಅವಳು ಕಳೆ ತೆಗೆಯಲು, ಶೇಂಗಾ ಕೀಳಲು ಎಲ್ಲರ ಜೊತೆ ಹೋಗುವವಳು. ಯಾರ ಮನೆಯಲ್ಲಾದರೂ ಅರಿಶಿನವೋ ತೊಟ್ಟಿಲೋ ಇದ್ದರೆ ಮಾತ್ರ ಬೆಳಿಗ್ಗೆಯೇ ಮೈ ತೊಳೆದು, ಸೆರಗನ್ನು ತಲೆಗೆಳೆದುಕೊಂಡು, ಕುಂಕುಮದ ತಟ್ಟೆ ಹಿಡಿದು ದುರ್ಗಮ್ಮನ ಗುಡಿಯಿಂದ ಹೊರಡುತ್ತಿದ್ದಳು. ಎಲ್ಲ ಮನೆಗೂ ಒಂದೇ ಕರೆಯಲ್ಲ. ಹೊಸ ಸೊಸೆಯರನ್ನು ತವರೂರಿನ ಹೆಸರು ಹಿಡಿದು ಕರೆಯುವಳು. ಈಚೆಗೆ ಸಾವಾದ ಮನೆಯೆದುರು ದನಿ ತಗ್ಗಿಸುವಳು. ಸಿಟ್ಟಿನ ಅತ್ತೆಯರಿದ್ದಲ್ಲಿ, "ಒಲಿ ಮ್ಯಾಲ ಏನಿದ್ರೂ ಇಳಿಸಿ ಬರ್ರಿ, ನಿಮ್ಮ ಸೊಸೀನ್ನ ಆಮ್ಯಾಲ ಬೈಯುವಿರಂತ" ಎನ್ನುವಳು.

ಅವಳ ಗೆಳತಿ ಕೆಂಚಕ್ಕ ಕೆಳಗಿನ ಓಣಿಯವಳು. ಗಂಡ ತೀರಿಕೊಂಡ ಮೇಲೆ ಬೇರೆ ಯಾರೇ ಕುಂಕುಮದ ತಟ್ಟೆ ಹಿಡಿದು ಬಂದಿದ್ದರೂ ಅವಳ ಮನೆಯನ್ನು ದಾಟಿ ಹೋಗುತ್ತಿದ್ದರು. ದ್ಯಾಮಕ್ಕ ನಿಲ್ಲುತ್ತಿದ್ದಳು.

"ಲೇ ಕೆಂಚಿ, ಕುಂಕುಮ ಹಚ್ಚಾಕ ಬಂದಿಲ್ಲ, ನಿನ್ನ ಕರಿಯಾಕ ಬಂದೀನಿ. ನೀ ಬರ್ಲಿಲ್ಲಂದ್ರ ಹಾಡು ಯಾರು ಎತ್ತಬೇಕು?"

ಎರಡು ಸಾವಿರದ ಎರಡನೇ ಇಸವಿಯ ಸುಗ್ಗಿಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ದ್ಯಾಮಕ್ಕನ ಬಲಗೈಯಿಂದ ಮೊರ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು. ಲಕ್ವ ಎಂದು ಎಲ್ಲರೂ ಗುರುತಿಸಿದರು. ಗಂಡ ಯರ್ರೆಪ್ಪ ಯಾರದೋ ಮಾತು ಕೇಳಿ ಪಾರಿವಾಳ ಕೊಯ್ದು ಅದರ ರಕ್ತವನ್ನು ತೋಳಿಗೆ ತಿಕ್ಕಿದ. ಅದಾದ ಮೇಲೆ ಕೂಡ್ಲಿಗಿಯ ಡಾಕ್ಟರು. ಅವರು ಬಿಪಿ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ ಬರೆದು, ಜೀವ ಇರುವತನಕ ದಿನವೂ ಊಟವಾದ ಮೇಲೆ ನುಂಗಬೇಕು, ಉಪ್ಪು ಕಮ್ಮಿ ಮಾಡಬೇಕು, ತಂಬಾಕು ಬಿಡಬೇಕು ಎಂದರು.

ಕೈ ಮೆಲ್ಲಗೆ ಮರಳಿತು. ಮೊದಲು ಸೆರಗು ಹಿಡಿಯಿತು, ಆಮೇಲೆ ನೀರಿನ ಚೆರಿಗೆ, ದೀಪಾವಳಿಯ ಹೊತ್ತಿಗೆ ಕುಂಕುಮದ ತಟ್ಟೆ.

"ನನಗ ವಾಸಿ ಆತು. ಪಾಪ, ಪಾರಿವಾಳಕ್ಕ ಏನಾಗಿತ್ತಂತ ಕೊಯ್ದ್ಯೋ?" ಎಂದು ಗಂಡನನ್ನು ಕಾಡುತ್ತಿದ್ದಳು.

ಕೈ ಬಂದರೆ ದುರ್ಗಮ್ಮನಿಗೆ ಮಂಗಳವಾರ, ಶುಕ್ರವಾರ ಉಪವಾಸ ಇರುವೆನೆಂದು ಹಾಸಿಗೆಯಲ್ಲೇ ಹರಕೆ ಹೊತ್ತಿದ್ದಳು. ಅದನ್ನು ಕಟ್ಟುನಿಟ್ಟಾಗಿ ನಡೆಸಿದಳು. ಶ್ರಾವಣದಲ್ಲಿ ಸೋಮವಾರ, ಶನಿವಾರವೂ ಸೇರುತ್ತಿದ್ದವು. ಊಟವಾದ ಮೇಲೆ ನುಂಗುವ ಗುಳಿಗೆಯನ್ನು ಊಟವಿಲ್ಲದ ದಿನ ನುಂಗುವುದು ಹೇಗೆ? ಆ ದಿನಗಳಲ್ಲಿ ಅದು ಗೂಡಿನಲ್ಲೇ ಉಳಿಯುತ್ತಿತ್ತು. ಯಾರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕೈ ಆಡುತ್ತಿತ್ತು, ಕಾಲು ನಡೆಯುತ್ತಿತ್ತು, ಮಾತು ಮೊದಲಿನಷ್ಟೇ ಚುರುಕು.

ಮರುವರ್ಷ ಕಳೆದು ಓಬಳೇಶಪ್ಪನ ಮಗಳ ಮದುವೆ ಬಂತು. ದ್ಯಾಮಕ್ಕ ಕರೆಯಲು ಹೋದಳು. ಬೇವಿನ ಮರದ ಹತ್ತಿರ ಕೆಳಗಿನ ಓಣಿಗೆ ಇಳಿಯಬೇಕಿದ್ದವಳು ಇಳಿಯದೆ, ಹಿಟ್ಟಿನ ಗಿರಣಿಯ ಕಡೆ ನೇರವಾಗಿ ನಡೆದುಬಿಟ್ಟಳು. ಅರಿಶಿನದ ದಿನ ಇಡೀ ಕೆಳಗಿನ ಓಣಿಯಿಂದ ಒಬ್ಬ ಹೆಂಗಸೂ ಬರಲಿಲ್ಲ. ಓಬಳೇಶಪ್ಪನೇ ಬೇಕೆಂದು ತಮ್ಮನ್ನು ಬಿಡಿಸಿದ್ದಾನೆಂದು ಅವರು ತಿಳಿದರು. ಅವರೇ ಸೊಕ್ಕಿನಿಂದ ಬರಲಿಲ್ಲವೆಂದು ಅವನು ತಿಳಿದ. ಯಾರೂ ಯಾರನ್ನೂ ಕೇಳಲಿಲ್ಲ. ವಿಷಯ ಹೊರಬಿದ್ದಾಗ ಅವನು ದ್ಯಾಮಕ್ಕನ ಮೇಲೆ ಹರಿಹಾಯ್ದ.

"ಒಂದು ಓಣಿ ಅಂದ್ರ ಒಂದು ಓಣಿ! ನಿನ್ನ ಕಾಲಿಗೆ ಲಕ್ವ ಹೊಡದೈತೋ, ಕಣ್ಣಿಗೋ?"

ದ್ಯಾಮಕ್ಕನಿಗೆ ಅರ್ಥವಾಗಲಿಲ್ಲ. ತಾನು ಎಲ್ಲರನ್ನೂ ಕರೆದಿದ್ದೇನೆ ಎಂದಳು. ಸುಳ್ಳೂ ಹೇಳುತ್ತಾಳೆಂದು ಜನ ಮುಖ ತಿರುಗಿಸಿದರು. ಮುಂದಿನ ಎರಡು ತೊಟ್ಟಿಲುಗಳಿಗೆ ಬೇರೆ ಯಾರೋ ಕರೆಯಲು ಬಂದರು. ಅದಕ್ಕಿಂತ ಅವಳನ್ನು ಹೆಚ್ಚು ಬಾಧಿಸಿದ್ದು ಕೆಂಚಕ್ಕ. ನಲ್ಲಿಯ ಹತ್ತಿರ ಎದುರಾದರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಕಡೆಗೆ ದ್ಯಾಮಿಗೂ ತಾನು ಬರೀ ರಂಡೆ ಹೆಂಗಸಾದೆ ಎಂದುಕೊಂಡಿದ್ದಳು ಅವಳು. ಹಾಗೆಂದು ಬಾಯಿಬಿಟ್ಟು ಹೇಳುವುದುಂಟೆ?

ಆ ಮುಂಗಾರಿನಲ್ಲಿ ಕ್ರಾಂತಿ ಎಂಬ ಹುಡುಗಿ ಮೊಪೆಡ್ ಮೇಲೆ ಊರಿಗೆ ಬಂದಳು. ತಂಬ್ರಹಳ್ಳಿಯವಳು. ಯಾವುದೋ ಮೆಡಿಕಲ್ ಕಾಲೇಜಿನವರು ಲಕ್ವ ಹೊಡೆದು ಎದ್ದವರ ಮೇಲೆ ಸಂಶೋಧನೆ ನಡೆಸಿದ್ದರು: ಯಾರಿಗೆ ಮರೆವು ಬರುತ್ತದೆ, ಯಾರಿಗೆ ಮತ್ತೆ ಹೊಡೆಯುತ್ತದೆ, ತಡೆಯುವುದು ಹೇಗೆ. ಹಳ್ಳಿ ಹಳ್ಳಿ ತಿರುಗಿ ಕೇಳಿಕೊಂಡು ಬರುವುದು ಅವಳ ಕೆಲಸ. ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ದ್ಯಾಮಕ್ಕನನ್ನು ಕೂರಿಸಿಕೊಂಡಳು. ಹೆಂಗಸರು ಸುತ್ತ ನಿಂತರು. ಕೆಂಚಕ್ಕ ಬೆನ್ನು ತಿರುಗಿಸಿ ಕೊಡ ತುಂಬಿಸುತ್ತಿದ್ದಳು.

"ಯವ್ವಾ, ಮೂರು ಮಾತು ಹೇಳ್ತೀನಿ, ಆಮ್ಯಾಲ ಕೇಳ್ತೀನಿ. ಸೇಬು, ಮೇಜು, ಕೀಲಿ."

"ಸೇಬು ತಿಂದಾಕಿ ಅಲ್ಲ, ಮೇಜಿನ ಮ್ಯಾಲ ಉಂಡಾಕಿ ಅಲ್ಲ. ಕೀಲಿ ಹಾಕಾಕ ಮನ್ಯಾಗ ಏನೈತವ್ವ?"

ಎಲ್ಲರೂ ನಕ್ಕರು. ಕ್ರಾಂತಿಯೂ ನಕ್ಕು, "ಹೋಗ್ಲಿ ಬಿಡು. ಊರಾಗ ಕರಿಯಾಕಿ ನೀನ ಅಂತಲ್ಲ. ಗುಡಿಯಿಂದ ಹೊಂಟ್ರ ಯಾರ್ಯಾರ ಮನಿ ಬರ್ತಾವ ಹೇಳು" ಎಂದಳು.

ದ್ಯಾಮಕ್ಕ ಕಣ್ಣು ಮುಚ್ಚಿದಳು. ಪೂಜಾರಿ ಮನೆ, ಕಮ್ಮಾರರ ಮನೆ, ಓಬಳೇಶಪ್ಪನದು, ಬಾಗಿಲು ಗಿಡ್ಡ ಇರುವ ಮನೆ. ಒಂದೊಂದರ ಮುಂದೆಯೂ ನಿಂತು ಬಂದಂತೆ ಹೇಳುತ್ತಿದ್ದಳು.

"ಆಮ್ಯಾಲ ಬೇವಿನ ಮರ. ಅದರ ಆಚಿ ಗಿರಣಿ."

"ನಡುವ ಯಾರೂ ಇಲ್ಲೇನು?"

"ಇಲ್ಲವ್ವ. ಬಯಲು."

ನಗು ನಿಂತಿತು. ಕೆಂಚಕ್ಕನ ಕೊಡ ತುಂಬಿ ಹರಿಯುತ್ತಿತ್ತು. ಅವಳು ತಿರುಗಿ ದ್ಯಾಮಕ್ಕನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಕಪಟವೂ ಇರಲಿಲ್ಲ. ಹುಟ್ಟಿದಂದಿನಿಂದ ನಡೆದಾಡಿದ ಓಣಿ ಅವಳ ತಲೆಯೊಳಗೆ ಬಯಲಾಗಿತ್ತು.

ಕ್ರಾಂತಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದಳು. ಹೆಚ್ಚಿತ್ತು. ಗುಳಿಗೆಯ ವಿಷಯ ಕೇಳಿದಾಗ ಉಪವಾಸದ ಮಾತು ಬಂತು.

"ಕೈ ಬಂದದ್ದು ಆಕಿ ಹರಕಿಯಿಂದ" ಎಂದ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಯರ್ರೆಪ್ಪ. "ಈಗ ಬಿಟ್ರ ದುರ್ಗಮ್ಮ ಸುಮ್ಮನಿರ್ತಾಳ?"

"ಹರಕಿ ಬಿಡು ಅನ್ನಾಕಿ ನಾನಲ್ಲಪ್ಪ. ಆದ್ರ ಈಗ ಹೋಗ್ತಿರೋದು ಕೈ ಅಲ್ಲ. ತಲ್ಯಾಗಿನ ದೊಡ್ಡ ನರ ಮುಚ್ಚಿದ್ರ ಕೈ ಬೀಳ್ತೈತಿ, ಊರಿಗೆಲ್ಲ ತಿಳೀತೈತಿ. ಸಣ್ಣ ಸಣ್ಣವು ಮುಚ್ಕೊಂಡು ಹೋದ್ರ ಯಾರಿಗೂ ತಿಳಿಯಂಗಿಲ್ಲ. ಹಿಂಗ ಒಂದು ಓಣಿ ಹೋಗಿಬಿಡ್ತೈತಿ."

"ಹೋದದ್ದು ತಿರುಗಿ ಬರ್ತೈತೇನವ್ವ?" ಯರ್ರೆಪ್ಪ ಕೇಳಿದ.

"ಅದನ್ನ ಹೇಳಾಕ ಬರಂಗಿಲ್ಲ. ಉಳಿದದ್ದು ಉಳೀಬೇಕಂದ್ರ ಒಂದು ದಿನಾನೂ ಗುಳಿಗಿ ತಪ್ಪಬಾರದು."

ಕೂಡ್ಲಿಗಿಯ ಡಾಕ್ಟರು ನೋಡಿ ಅದನ್ನೇ ಹೇಳಿದರು. ಆದರೂ ದ್ಯಾಮಕ್ಕ ಒಪ್ಪಲಿಲ್ಲ. ದೇವಿ ಕೊಟ್ಟ ಕೈಯಿಂದ ದೇವಿಯ ಮಾತು ಮುರಿಯಲಾರೆ ಎಂದಳು. ಶುಕ್ರವಾರ ಬೆಳಿಗ್ಗೆ ಯರ್ರೆಪ್ಪ ರೊಟ್ಟಿ ಹಿಡಿದು ಬೇಡಿಕೊಳ್ಳುತ್ತಿದ್ದಾಗ ಕೆಂಚಕ್ಕ ಬಾಗಿಲಲ್ಲಿ ನಿಂತಳು.

"ಬಯಲಾಗಿಂದ ಬಂದೀನಿ. ಒಳಗ ಬರ್ಲೇನಲೇ?"

"ಯಾವ ಬಯಲಬೇ? ಇಷ್ಟು ದಿನ ಎಲ್ಲಿ ಸತ್ತಿದ್ದಿ?"

ಕೆಂಚಕ್ಕ ಒಳಗೆ ಬಂದು ಕುಳಿತಳು.

"ನಿನ್ನ ಹರಕಿ ಯಾವಾಗ ಮುಗೀತೈತಿ?"

"ಸಾಯೋತನ."

"ಹಂಗಾರ ನನಗ ಕೊಡು. ಇವತ್ತಿಂದ ನಾ ಹಿಡೀತೀನಿ. ದುರ್ಗಮ್ಮಗ ಒಂದು ಹೊಟ್ಟಿ ಹಸಿದ್ರ ಸಾಕು, ಯಾರ ಹೊಟ್ಟಿ ಅಂತ ಮುಟ್ಟಿ ನೋಡಂಗಿಲ್ಲ."

"ಹಂಗ ಕೊಡಾಕ ಬರ್ತೈತೇನ?"

"ಮಗನ ಹರಕಿ ತಾಯಿ ತೀರಸಂಗಿಲ್ಲೇನು?" ಯರ್ರೆಪ್ಪ ನಡುವೆ ಬಾಯಿ ಹಾಕಿದ.

"ಈಕಿ ನನ್ನ ತಾಯೇನು?"

"ಅಲ್ಲ ಬಿಡು" ಎಂದಳು ಕೆಂಚಕ್ಕ. "ತಾಯಿ ಆಗಿದ್ರ ಎರಡು ಬಾರಿಸಿ ನುಂಗಸ್ತಿದ್ದೆ."

ಇಬ್ಬರೂ ಗುಡಿಗೆ ಹೋದರು. ದ್ಯಾಮಕ್ಕನ ಬಲಗೈಗೆ ಹರಕೆಗೆಂದು ಕಟ್ಟಿದ್ದ ಅರಿಶಿನದ ದಾರ ಬಿಚ್ಚಿ ಪೂಜಾರಿ ಕೆಂಚಕ್ಕನ ಕೈಗೆ ಕಟ್ಟಿದ. ತಿರುಗಿ ಬಂದು ದ್ಯಾಮಕ್ಕ ಅರ್ಧ ರೊಟ್ಟಿ ತಿಂದು ಗುಳಿಗೆ ನುಂಗಿದಳು. ಎದುರಿಗೆ ಹಸಿದು ಕುಳಿತವಳನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ತಿಂದಳು.

ಕಾರ್ತಿಕದಲ್ಲಿ ಓಬಳೇಶಪ್ಪನ ಬಸುರಿ ಮಗಳಿಗೆ ಕುಬುಸದ ಕಾರ್ಯ ಬಂತು. ಕೆಳಗಿನ ಓಣಿಯವರ ಮನಸ್ಸು ತಿಳಿಯಾಗಬೇಕಾದರೆ ಬಿಟ್ಟವಳೇ ಬಂದು ಕರೆಯಬೇಕು. ಅವನು ದ್ಯಾಮಕ್ಕನಿಗೇ ಹೇಳಿದ. ಜೊತೆಗೆ ಕೆಂಚಕ್ಕ ಹೊರಟಾಗ ಕುಂಕುಮದ ತಟ್ಟೆಯ ಜೊತೆ ಅವಳು ಬರಬಹುದೇ ಎಂದು ಒಬ್ಬಿಬ್ಬರು ಗೊಣಗಿದರು. ದ್ಯಾಮಕ್ಕ ಆ ಮಾತು ಕೇಳಿಸದವಳಂತೆ ಮುಂದೆ ನಡೆದಳು.

ಬೇವಿನ ಮರ ಬಂತು. ಕೆಂಚಕ್ಕ ಕಾದಳು. ದ್ಯಾಮಕ್ಕ ಅತ್ತ ನೋಡಿದಳು, ಇತ್ತ ನೋಡಿದಳು, ಗಿರಣಿಯ ಕಡೆಗೇ ಕಾಲು ಹಾಕಿದಳು.

"ಲೇ ದ್ಯಾಮಿ" ಕೆಂಚಕ್ಕ ಬೀದಿಯಲ್ಲೇ ಗಟ್ಟಿಯಾಗಿ ಕೇಳಿದಳು, "ನನ್ನ ಕರಿಯಂಗಿಲ್ಲೇನು?"

ದ್ಯಾಮಕ್ಕ ತಿರುಗಿದಳು. "ಜೋಡಿಲೇ ಅದೀಯಲ್ಲ, ಇನ್ನೇನು ಕರಿಯೋದು?"

"ನಾ ಇಲ್ಲೇ ಅದೀನಿ. ನನ್ನ ಮನಿ ಕೆಳಗೈತಿ."

"ಎಲ್ಲಿ, ತೋರ್ಸು" ಎಂದು ದ್ಯಾಮಕ್ಕ ತಟ್ಟೆಯನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಅವಳ ರಟ್ಟೆ ಹಿಡಿದು ಕೆಳಗಿನ ಓಣಿಗೆ ಇಳಿದಳು.