ಸಲ್ವಾ ಗಡಿಯಲ್ಲಿ ಪುಟ ಮುಗಿದಾಗ

ಆ ಹಳದಿ ಚೀಟಿ ಅಂಟಿಸಿದ್ದು ನಾನೇ. ಅತಿಬುದ್ಧಿ ಅಂದರೆ ಅದೇ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಖಾಲಿ ಉಳಿದದ್ದು ಒಂದೇ ಒಂದು ಪುಟ. ಅದನ್ನು ಮೂರು ವಾರದ ನಂತರದ ಪ್ರಯಾಣಕ್ಕೆಂದು ಕಾದಿರಿಸಿಕೊಂಡಿದ್ದೆ. ಯಾರೂ ಮುಟ್ಟದಿರಲಿ ಎಂದು ಅದರ ಮೇಲೆ ಹಳದಿ ಚೀಟಿ ಅಂಟಿಸಿ, ‘ದಯವಿಟ್ಟು ಇಲ್ಲಿ ಬೇಡ’ ಎಂದು ಅರಬ್ಬಿಯಲ್ಲಿ ಬರೆಸಿದ್ದೆ. ಬೇರೆ ಪುಟಗಳ ಮೂಲೆಯಲ್ಲಿ ಒಂದು ಮುದ್ರೆಗೆ ಸಾಲುವಷ್ಟು ಜಾಗ ಇನ್ನೂ ಇತ್ತು. ಸಲ್ವಾ ಅಂದರೆ ಕತಾರಿನಿಂದ ರಸ್ತೆಯಲ್ಲಿ ಹೋದರೆ ಸಿಗುವ ಸೌದಿಯ ಗಡಿ. ಅಲ್ಲಿಂದ ದೋಹಾಕ್ಕೆ ವಾಪಸಾಗುತ್ತಿದ್ದೆ. ಕಿಟಕಿಯೊಳಗಿನ ಅಧಿಕಾರಿ ಪುಟ ತಿರುಗಿಸುತ್ತಾ ತಿರುಗಿಸುತ್ತಾ ಚೀಟಿಯ ಹತ್ತಿರ ಬಂದ. ಓದಿದ. ಅದನ್ನು ಜೋಪಾನವಾಗಿ ಕಿತ್ತು ನನ್ನ ಕೈಗೆ ಕೊಟ್ಟು, ಪಾಸ್‌ಪೋರ್ಟಿಗೆ ಏನನ್ನೂ ಅಂಟಿಸಬಾರದು ಎಂದು ಬೆರಳು ಅಲ್ಲಾಡಿಸಿದ. ಆಮೇಲೆ ಆ ಬೆಳ್ಳನೆಯ ಪುಟದ ನಟ್ಟನಡುವೆ ಓರೆಯಾಗಿ ಮುದ್ರೆ ಒತ್ತಿದ.

"ಖಲಾಸ್," ಅಂದ. "ಮುಂದಿನ ಸಲ ಹೊಸದು. ಇದರಲ್ಲಿ ಬಂದರೆ ವಾಪಸ್."

ಚೀಟಿ ಅಂಟಿಸದೇ ಇದ್ದಿದ್ದರೆ ಅವನು ಆ ಪುಟದವರೆಗೆ ಬರುತ್ತಲೇ ಇರಲಿಲ್ಲವೇನೋ. ಕಾರಿನಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ. ನನ್ನ ಬೈಗುಳಗಳ ಸಂಗ್ರಹ ಸಣ್ಣದೇನಲ್ಲ, ಆದರೂ ಆವತ್ತು ಕತಾರಿನ ಕಡೆಯ ಗಡಿಠಾಣೆ ಅಬು ಸಮ್ರಾ ದಾಟುವ ಮೊದಲೇ ಮುಗಿದುಹೋಯಿತು.

ಮೂರು ವಾರದ ನಂತರ ಏನಿತ್ತು ಎಂದು ಹೇಳಬೇಕು. ನನ್ನ ಗಂಡ ಸೌದಿಯ ಹೊಫೂಫಿನಲ್ಲಿ ಎಸಿ ಮೆಕ್ಯಾನಿಕ್. ಹತ್ತು ವರ್ಷ ಕಂಪ್ರೆಸರ್ ಹೊತ್ತು ತಾರಸಿ ಹತ್ತಿ ಹತ್ತಿ ಬೆನ್ನಿನ ಡಿಸ್ಕ್ ಜಾರಿತ್ತು. ಎಡಗಾಲು ಮರಗಟ್ಟಲು ಶುರುವಾಗಿತ್ತು. ಆಪರೇಷನ್ ಮಾಡಲೇಬೇಕು ಎಂದು ಡಾಕ್ಟರು ಒಂದು ಭಾನುವಾರವನ್ನು ಗೊತ್ತುಮಾಡಿದ್ದರು. ವಿಮೆ ಇದ್ದದ್ದು ಅಲ್ಲಿಯೇ, ಹಾಗಾಗಿ ಆಪರೇಷನ್ನೂ ಅಲ್ಲಿಯೇ. ಅವರ ಜೊತೆಗೆ ಅಂತ ಆ ದೇಶದಲ್ಲಿ ಯಾರೂ ಇಲ್ಲ. ಇರುವವಳು ನಾನೊಬ್ಬಳು, ಗಡಿಯ ಈಚೆ. ಆ ಭಾನುವಾರ ಅವರ ಪಕ್ಕದಲ್ಲಿ ನಾನು ಇರಬೇಕು. ಬೇರೆ ಯಾವುದೂ ನನಗೆ ಬೇಕಾಗಿರಲಿಲ್ಲ.

ನಾನು ಉಮ್ಮ್ ಸಲಾಲ್‌ನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ವಾಸ ದೋಹಾದ ಅಲ್ ಹಿಲಾಲ್‌ನ ಒಂದು ಕೋಣೆಯಲ್ಲಿ. ಮದುವೆಯಾಗಿ ನಾಲ್ಕು ವರ್ಷ. ಅವರಿಗೆ ಕತಾರಿನಲ್ಲಿ ಕೆಲಸ ಸಿಗಲಿಲ್ಲ, ನನಗೆ ಸೌದಿಯಲ್ಲಿ ಕುಟುಂಬ ವೀಸಾ ಆಗಲಿಲ್ಲ. ಅವರು ಆಚೆಯಿಂದ ಹೊರಬರಬೇಕಾದರೆ ಪ್ರತಿ ಸಲವೂ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೆ ಶುಲ್ಕ ಬೇರೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ, ಇಲ್ಲಿಯ ವಾರದ ರಜೆ ಶುರುವಾಗುವ ಶುಕ್ರವಾರ ಬೆಳಿಗ್ಗೆ, ನಾನೇ ಕಾರು ಹತ್ತುತ್ತಿದ್ದೆ. ಅವರದ್ದು ನಾಲ್ಕು ಗಂಡಸರು ಮಲಗುವ ಕಂಪನಿ ರೂಮು, ನಾನು ಅದರ ಹೊಸ್ತಿಲನ್ನೂ ತುಳಿದವಳಲ್ಲ. ಬಾಡಿಗೆಯ ಫರ್ನಿಶ್ಡ್ ಕೋಣೆಯಲ್ಲಿ ಒಂದು ರಾತ್ರಿ ಸಂಸಾರ ಮಾಡಿ, ಮೀನು ಸಾರು ಮಾಡಿಟ್ಟು, ಶನಿವಾರ ವಾಪಸ್. ಹೋಗುವಾಗ ಒಂದು ಮುದ್ರೆ, ಬರುವಾಗ ಒಂದು ಮುದ್ರೆ. ಮುಗಿದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಜಾಗ ಇರುವ ಕಡೆಗೇ ಪಾಸ್‌ಪೋರ್ಟ್ ತೆರೆಯುವ ಹಾಗೆ ಮಾಡಿ ಕೊಡುವುದನ್ನು ಲಾರಿ ಡ್ರೈವರುಗಳನ್ನು ನೋಡಿ ಕಲಿತಿದ್ದೆ. ಚೀಟಿಯ ಉಪಾಯ ಮಾತ್ರ ಯಾರೂ ಕಲಿಸಿದ್ದಲ್ಲ.

ಗಡಿಯಿಂದ ಬಂದ ಮರುದಿನ, ಭಾನುವಾರ ಬೆಳಿಗ್ಗೆ, ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ, ನಮ್ಮ ಬೀದಿಯ ಟೈಪಿಂಗ್ ಸೆಂಟರಿಗೆ ಹೋದೆ. ಅದನ್ನು ನಡೆಸುವವರು ಬಂಟ್ವಾಳ ಕಡೆಯ ಬ್ಯಾರಿ, ವಯಸ್ಸಾದವರು. ಎಲ್ಲರೂ ಹಾಜಿಯವರು ಎಂದೇ ಕರೆಯುತ್ತಾರೆ. ಚೀಟಿಯಲ್ಲಿ ಅರಬ್ಬಿ ಬರೆದುಕೊಟ್ಟವರೂ ಅವರೇ. ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನಕ್ಕರು.

"ನಾಲ್ಕು ವರ್ಷದ ಹಿಂದೆಯೇ ನಾನು ಹೇಳ್ಲಿಲ್ವಾ ತಂಗಿ, ದಪ್ಪದ್ದು ಮಾಡಿಸಿ ಅಂತ? ನೀವು ಕೇಳ್ಬೇಕಲ್ಲ."

"ಬೈಲಿಕ್ಕೆ ಮತ್ತೆ ಟೈಮ್ ಉಂಟು ಹಾಜಿಯವರೇ. ಈಗ ಫಾರ್ಮ್ ತುಂಬಿಸಿ."

"ಫೀಸ್ ಜಾಸ್ತಿಯಾಗಿದೆ, ಗೊತ್ತುಂಟಲ್ಲ?"

ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ನೋಡಿದೆ. "ಇದೆಂತ, ಪುಟಕ್ಕೆ ಬೆಳ್ಳಿ ಅಂಚು ಕಟ್ಟಿ ಕೊಡ್ತಾರಾ?" ಎಂದು ಕೇಳಿದೆ.

"ಅರ್ಜೆಂಟ್ ಬೇಕಾದ್ರೆ ಅದಕ್ಕೆ ಬೇರೆ. ಅರ್ಜೆಂಟ್ ಹಾಕಿದ್ರೂ ಇಂಥ ದಿನವೇ ಬರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಊರಿನ ಪೊಲೀಸ್ ವೆರಿಫಿಕೇಶನ್ ಕೇಳಿದ್ರೆ ಇನ್ನೂ ತಡ. ಮತ್ತೆ ಹೊಸ ನಂಬರ್ ಬಂದ್ಮೇಲೆ ನಿಮ್ಮ ಇಲ್ಲಿಯ ಐಡಿ ಬದಲಾಗ್ಬೇಕು, ಸೌದಿ ವೀಸಾ ಹೊಸತು ಮಾಡ್ಬೇಕು. ಮೂರು ವಾರದಲ್ಲಿ ಕಷ್ಟ ತಂಗಿ."

"ಕಷ್ಟ ಅಂದ್ರಿ. ಆಗುದಿಲ್ಲ ಅಂತ ಹೇಳ್ಲಿಲ್ಲ."

"ಅದು ಹೇಳ್ಲಿಲ್ಲ," ಅವರು ಒಪ್ಪಿಕೊಂಡರು. ಕೀಬೋರ್ಡ್ ಹತ್ತಿರ ಎಳೆದುಕೊಂಡರು. "ಮೂವತ್ತಾರು ಪುಟವಾ, ಅರವತ್ತಾ?"

ನಾಲ್ಕು ವರ್ಷದ ಹಿಂದೆ, ಮದುವೆಯ ನಂತರ ಗಂಡನ ಹೆಸರು ಸೇರಿಸಲು ಹೋದಾಗ, ಇದೇ ಕುರ್ಚಿಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಆಗ ಗಂಡನಿಗೆ ಫೋನ್ ಮಾಡಿ ಕೇಳಿದ್ದೆ. ‘ದಪ್ಪದ್ದು ಯಾಕೆ, ಬರುವ ವರ್ಷ ನಾನೇ ದೋಹಾಕ್ಕೆ ಬರ್ತೇನಲ್ಲ’ ಎಂದಿದ್ದರು. ನಂಬಿದ್ದೆ. ಉಳಿದ ದುಡ್ಡಿನಲ್ಲಿ ಮಿಕ್ಸಿ ಕೊಂಡಿದ್ದೆ. ಬರುವ ವರ್ಷ ಬಂತು, ಅದರ ಮುಂದಿನದ್ದೂ ಬಂತು. ಅವರು ಅರ್ಜಿ ಹಾಕಿದರು, ಇಂಟರ್‌ವ್ಯೂ ಕೊಟ್ಟರು, ಪ್ರತಿ ಸಲವೂ ‘ಮಾಫಿ’, ಅಂದರೆ ಇಲ್ಲ ಎಂಬ ಉತ್ತರ. ಅವರ ತಪ್ಪಲ್ಲ. ಆದರೆ ಈ ಸಲ ನಾನು ಫೋನ್ ಮಾಡಿ ಕೇಳಲಿಲ್ಲ.

"ಅರವತ್ತು," ಅಂದೆ.

ಸಂಜೆ ಫೋನಿನಲ್ಲಿ ಗಂಡನಿಗೆ ಹೇಳಿದೆ. ನೋವಿಗೋ ಸಿಟ್ಟಿಗೋ ಅವರ ಉಸಿರು ಜೋರಾಗಿತ್ತು.

"ಅಂದ್ರೆ ಇನ್ನು ಹತ್ತು ವರ್ಷ ನಾನು ಇಲ್ಲೇ ಇರುದು ಅಂತ ನೀನು ತೀರ್ಮಾನ ಮಾಡಿ ಆಯ್ತಾ ಮಾರಾಯ್ತಿ?"

"ನೀವು ಎಲ್ಲಿದ್ರೂ ನಾನು ಬರುದು ಅಂತ ತೀರ್ಮಾನ ಮಾಡಿದ್ದು. ನೀವು ಇಲ್ಲಿಗೆ ಬಂದ್ರೆ ಪುಟ ಖಾಲಿ ಬೀಳ್ತದೆ, ಅಷ್ಟೇ. ಬೀಳ್ಲಿ."

"ನನ್ನ ಮೇಲೆ ಭರವಸೆ ಇಲ್ಲ ನಿಂಗೆ."

"ಬೆನ್ನು ನೋವಿದ್ದವರು ಜಗಳಕ್ಕೆ ನಿಲ್ಬಾರ್ದು. ಮಲಗಿ."

ಎರಡು ದಿನ ಅವರ ಫೋನ್ ಬರಲಿಲ್ಲ. ಮೂರನೆಯ ದಿನ ಬಂದಾಗ ಧ್ವನಿ ಬಹಳ ಮೆತ್ತಗಿತ್ತು. "ನೀನು ಬರುದು ಬೇಡ. ಅಷ್ಟು ದುಡ್ಡು ಸುರಿದು ಓಡಾಡುದು ಬೇಡ. ರೂಮಿನವರು ನೋಡ್ಕೊಳ್ತಾರೆ." ರೂಮಿನವರು ಮೂವರಿಗೂ ಭಾನುವಾರ ಡ್ಯೂಟಿ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನಾನು ‘ಹ್ಞೂಂ’ ಅಂದು, ಔಷಧಿ ತೆಗೆದುಕೊಂಡಿರಾ ಎಂದು ಕೇಳಿದೆ.

ಆಮೇಲಿನ ದಿನಗಳು ನನಗೆ ಹಿಡಿಸಿದ ದಿನಗಳಲ್ಲ. ಅರ್ಜಿ ಕೊಟ್ಟಾಗಿತ್ತು, ಕಾಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಾಯುವುದು ನನ್ನ ಜಾಯಮಾನಕ್ಕೇ ಒಗ್ಗುವುದಿಲ್ಲ. ಗಡಿ ದಾಟಬೇಕಿದ್ದ ಶುಕ್ರವಾರ ದೋಹಾದಲ್ಲೇ ಉಳಿದೆ. ಪರದೆ ಒಗೆದೆ, ಫ್ರಿಜ್ ತೊಳೆದೆ, ಪಕ್ಕದ ಕೋಣೆಯವಳು ಅಡುಗೆಮನೆಯ ಸಿಂಕಿನಲ್ಲಿ ಅನ್ನ ಚೆಲ್ಲಿದ್ದಕ್ಕೆ ಬೈದೆ. ಪಾಪ, ಅವಳು ಚಹಾ ಮಾಡಿಕೊಟ್ಟಳು. ಚಹಾ ಕುಡಿಯುತ್ತಿದ್ದಾಗ ಒಮ್ಮೆಲೇ ಹೆದರಿಕೆ ಹತ್ತಿತು. ಆಪರೇಷನ್ ಕೆಟ್ಟು ಅವರಿಗೆ ಕಾಲು ಬಾರದೇ ಹೋದರೆ? ಎಚ್ಚರ ಬಂದು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರೂ ಇರದಿದ್ದರೆ? ಅವರೀಗ ಚೆನ್ನಾಗಿ ನಡೆಯುತ್ತಾರೆ, ಏಣಿ ಮಾತ್ರ ಹತ್ತುವುದಿಲ್ಲ. ಆದರೆ ಆ ಶುಕ್ರವಾರ ಅದು ನನಗೆ ಗೊತ್ತಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಹಾಜಿಯವರ ಅಂಗಡಿಗೆ ಹೋಗಿ, ಅರ್ಜಿ ಎಲ್ಲಿಯವರೆಗೆ ಬಂತು ನೋಡಿ ಎಂದು ಅವರ ತಲೆ ತಿಂದೆ.

ಮೂರನೆಯ ವಾರದ ಬುಧವಾರ ಪಾಸ್‌ಪೋರ್ಟ್ ಕೈಗೆ ಬಂತು. ಹಳೆಯದರ ಮೂಲೆ ಕತ್ತರಿಸಿ, ರದ್ದು ಮುದ್ರೆ ಹಾಕಿ ಜೊತೆಯಲ್ಲೇ ಕೊಟ್ಟರು. ಇನ್ನು ಉಳಿದದ್ದು ಕತಾರ್ ಐಡಿಗೆ ಹೊಸ ನಂಬರ್ ಸೇರಿಸುವುದು. ಅದನ್ನು ಮಾಡಬೇಕಾದವನು ನಮ್ಮ ಕ್ಲಿನಿಕ್ಕಿನ ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಾಗದಪತ್ರದ ಕೆಲಸ ನೋಡಿಕೊಳ್ಳುವವನು. ಗುರುವಾರ ರಜೆ ಹಾಕಿ ವೆಸ್ಟ್ ಬೇಯ ಹೆಡ್ ಆಫೀಸಿಗೆ ಹೋದೆ. ಅವನು ಪಾಸ್‌ಪೋರ್ಟನ್ನು ಡ್ರಾಯರಿಗೆ ಹಾಕಿದ.

"ಬುಕ್ರಾ," ಅಂದ. ನಾಳೆ.

"ನಾಳೆ ಶುಕ್ರವಾರ," ಅಂದೆ ಹಿಂದಿಯಲ್ಲಿ.

"ಹಾಗಾದರೆ ಸಂಡೇ."

"ಸಂಡೇ ನನ್ನ ಗಂಡನ ಬೆನ್ನು ಕೊಯ್ಯುತ್ತಾರೆ."

ನನ್ನ ಧ್ವನಿ ಮೊದಲೇ ದೊಡ್ಡದು. ಆಫೀಸಿನಲ್ಲಿದ್ದವರೆಲ್ಲ ತಲೆ ಎತ್ತಿದರು. ಅವನು ತುಂಬಾ ಕೆಲಸ ಇದೆ ಮೇಡಂ ಎಂದ. ಇರಲಿ, ನನಗೆ ಇವತ್ತು ಬೇರೆ ಕೆಲಸವೇ ಇಲ್ಲ ಎಂದು ಅವನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತೆ. ಅವನು ಎದ್ದು ಹೋದ, ಬಂದ, ಫೋನಿನಲ್ಲಿ ಮಾತಾಡಿದ. ಚಹಾ ತರಿಸಿದ, ನನಗೂ ಒಂದು ಕೊಡಿಸಿದ. ಕುಡಿದು ಮತ್ತೆ ಕೂತೆ. ಮಧ್ಯಾಹ್ನ ಊಟದ ಹೊತ್ತಾದರೂ ನಾನು ಜಪ್ಪಯ್ಯ ಅಂದರೂ ಏಳಲಿಲ್ಲ. ಕೊನೆಗೆ ಅವನು ನಿಟ್ಟುಸಿರು ಬಿಟ್ಟು ಡ್ರಾಯರ್ ಎಳೆದ, ಫೋನ್ ತೆಗೆದು ಏನೇನೋ ಒತ್ತಿದ. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು. ನಾಲ್ಕು ನಿಮಿಷದ ಕೆಲಸಕ್ಕೆ ನಾಲ್ಕು ಗಂಟೆ ಕೂರಿಸಿದ್ದಕ್ಕೆ ಹೊಟ್ಟೆ ಉರಿಯಿತು, ಆದರೂ ಶುಕ್ರನ್, ಥ್ಯಾಂಕ್ಸ್ ಎಂದು ಹೇಳಿಯೇ ಬಂದೆ. ಸಂಜೆ ಹಾಜಿಯವರು ಸೌದಿ ವೀಸಾಕ್ಕೆ ಆನ್‌ಲೈನಿನಲ್ಲಿ ಹಾಕಿದರು. ಅದಕ್ಕೂ ಹೊಸದಾಗಿ ದುಡ್ಡು. ಟೈಪಿಂಗಿನ ದುಡ್ಡು ಮಾತ್ರ ಅವರು ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಶುಕ್ರವಾರ ರಾತ್ರಿ ವೀಸಾ ಬಂತು, ಶನಿವಾರ ಬೆಳಿಗ್ಗೆ ಹೊರಟೆ. ಸಲ್ವಾದ ಕಿಟಕಿಯಲ್ಲಿ ಬೇರೆ ಅಧಿಕಾರಿ ಇದ್ದ, ಎಳೆಯ ವಯಸ್ಸಿನವನು. ಹೊಸ ಪಾಸ್‌ಪೋರ್ಟಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಉಗುರಿನಿಂದ ಬಿಡಿಸಿ ನೋಡಿ, ಸೌದಿಗೆ ಮೊದಲ ಸಲವಾ ಎಂದು ಕೇಳಿದ. ಬ್ಯಾಗಿನಿಂದ ಹಳೆಯದನ್ನು ತೆಗೆದು ಅವನ ಮುಂದಿಟ್ಟೆ. ಪುಟ ತಿರುಗಿಸಿದ. ಎಲ್ಲವೂ ಇದೇ ಗಡಿಯ ಮುದ್ರೆ.

"ಇಷ್ಟೊಂದು ಸಲ ಯಾಕೆ?"

"ಗಂಡ," ಅಂದೆ.

ಅವನು ಮತ್ತೇನೂ ಕೇಳದೆ ಮುದ್ರೆ ಒತ್ತಿದ.

ಮಧ್ಯಾಹ್ನ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟಾಗ ಅವರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ಚಪ್ಪಲಿಯ ಸದ್ದಿಗೆ ತಿರುಗಿದರು. "ಊಟ ಆಯ್ತಾ?" ಅಂದರು. ಇಲ್ಲ ಅಂದೆ. ತಮ್ಮ ತಟ್ಟೆಯಲ್ಲಿ ಉಳಿದಿದ್ದ ಕುಬ್ಬೂಸ್ ರೊಟ್ಟಿಯನ್ನು ನನ್ನ ಕಡೆಗೆ ನೂಕಿದರು. ಅರವತ್ತು ಪುಟದ ಸುದ್ದಿ ಇಬ್ಬರೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಅವರಿಗೆ ಹಸಿರು ಅಂಗಿ ತೊಡಿಸಿದ ಮೇಲೆ, ಮಲಯಾಳಿ ನರ್ಸ್ ಒಬ್ಬಳು ಫೈಲ್ ಹಿಡಿದು ಬಂದಳು. ಹೆಸರು, ರಕ್ತದ ಗುಂಪು ಎಲ್ಲ ಓದಿ ಹೇಳಿ ಸರಿಯೇ ಎಂದು ಕೇಳುತ್ತಾ ಹೋದಳು. ಒಂದು ಸಾಲಿಗೆ ಬಂದಾಗ ಓದು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಬಗ್ಗಿ ನೋಡಿದೆ. ‘ರೋಗಿಯ ಜೊತೆಗಿರುವವರು’ ಎಂಬ ಸಾಲಿನಲ್ಲಿ, ಅವರದೇ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ, ‘ಯಾರೂ ಇಲ್ಲ’ ಎಂದು ಬರೆದಿತ್ತು.

ಅವರ ಕಡೆ ತಿರುಗಿದೆ. ಬೈಯಲು ಬಾಯಿ ತೆರೆದಿದ್ದೆ ಕೂಡ.

"ಶುಕ್ರವಾರ ಬರೆದದ್ದು," ಅವರು ಹೇಳಿದರು. "ನಿನ್ನನ್ನು ಬಿಡ್ತಾರಾ ಇಲ್ವಾ ಗೊತ್ತಿರ್ಲಿಲ್ಲ. ಸುಳ್ಳು ಹೇಗೆ ಬರಿಯುದು?"

ನರ್ಸಿನ ಕೈಯಿಂದ ಪೆನ್ನು ತೆಗೆದುಕೊಂಡೆ. ಆ ಎರಡು ಪದಗಳನ್ನು ಕೆಳಗಿನ ಹಾಳೆಗೂ ಮೂಡುವಷ್ಟು ಒತ್ತಿ ಹೊಡೆದು ಹಾಕಿದೆ. ಅದರ ಮೇಲೆ ನನ್ನ ಹೆಸರು ಬರೆದೆ. ಸಂಬಂಧ: ಹೆಂಡತಿ.

"ಅಡ್ರೆಸ್?" ನರ್ಸ್ ಕೇಳಿದಳು. "ಸೌದಿಯ ಅಡ್ರೆಸ್ಸೇ ಬೇಕು ಚೇಚಿ."

ಸೌದಿಯಲ್ಲಿ ನನಗೆ ವಿಳಾಸ ಅಂತ ಯಾವುದಿತ್ತು? ನಾನು ಮಂಚದ ತಲೆಯ ಕಡೆ ನೋಡಿ, ಅಲ್ಲಿದ್ದ ವಾರ್ಡಿನ ಹೆಸರನ್ನೂ ಅವರ ಮಂಚದ ನಂಬರನ್ನೂ ಬರೆದು ಸಹಿ ಹಾಕಿದೆ.