ಹಾಸಿಗೆ ಯಜಮಾನರು ಹೋಟೆಲು ಆರಿಸಿದ್ದು

“ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಯಾವ ಹೋಟೆಲಿಗಾದ್ರೂ ನುಗ್ಸು. ಹಾಸಿಗೆ ಮೇಲೆ ಅಂಗೈ ಊರಿ, ಮಲಗಿದೋರಿಗೆ ಎಂಥ ಕನಸು ಬೀಳ್ತದೆ ಅಂತ ಹೇಳಿಬಿಡ್ತೀನಿ,” ಎಂದು ಹಾಸಿಗೆ ಯಜಮಾನರು ಭಾವಮೈದುನನ ಟ್ಯಾಕ್ಸಿಯಲ್ಲಿ ಕುಳಿತು ಕೊಚ್ಚಿಕೊಂಡರು.

ಪೂರ್ತಿ ಸುಳ್ಳೇನಲ್ಲ ಬಿಡಿ. ಅವರು ಹತ್ತಿ ಹಿಂಜಲು ಕೂತರೆ ಮೋಡಗಳು ನಾಚಿಕೊಂಡು ಪಕ್ಕದೂರಿಗೆ ಹೋಗಿ ಸುರಿಯುತ್ತಿದ್ದವು. ಅವರು ಹೊಲಿದ ಹಾಸಿಗೆಯ ಮೇಲೆ ತಪ್ಪಿ ಮಲಗಿದ ಹುಂಜವೊಂದು ಕೂಗುವುದನ್ನೇ ಮರೆತು, ಇಡೀ ಬೀದಿಯೇ ಕೆಲಸಕ್ಕೆ ತಡವಾಗಿ ಹೋದದ್ದುಂಟು. ಆದರೆ ದೀಪದ ಬುಡದಲ್ಲೇ ಕತ್ತಲು. ಊರಿಗೆಲ್ಲ ಹಾಸಿಗೆ ಹೊಲಿದವರ ಮನೆಯಲ್ಲಿ ಹೆಂಡತಿ ಮಲಗುತ್ತಿದ್ದ ಹಾಸಿಗೆ ಮಾತ್ರ ಗಂಟುಗಂಟಾಗಿ, ಡಾಂಬರು ಕಾಣದ ಜಲ್ಲಿ ರಸ್ತೆಯಂತಿತ್ತು. “ನಾಳೆ ಬಿಚ್ಚಿ ಹಿಂಜ್ತೀನಿ ಕಣೇ” ಎಂದ ಆ ನಾಳೆ ಬರುವುದರೊಳಗೆ ಆಕೆಯ ಸೊಂಟ ಹಿಡಿದುಕೊಂಡಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಕೊನೆಗೆ ಈ ದೊಡ್ಡ ನಗರದ ಮೂಳೆ ಡಾಕ್ಟರ ಬಾಗಿಲಿಗೆ ಬರಬೇಕಾಯಿತು.

“ಇವತ್ತು ಒಳ್ಳೆ ಹಾಸಿಗೆ ಮೇಲೆ ಮಲಗಿಸಿ ನೋಡಿ. ನೋವು ಇಳಿದ್ರೆ ಸರಿ, ಇಲ್ಲದಿದ್ರೆ ನಾಳೆ ಆಪರೇಷನ್ ಬಗ್ಗೆ ಮಾತಾಡೋಣ,” ಎಂದಿದ್ದರು ಡಾಕ್ಟರು. ಬಾಯಿಗೆ ಬಂದ ಜೀವವನ್ನು ಯಜಮಾನರು ಜಂಬದ ಮಾತಿನಿಂದಲೇ ಒಳಕ್ಕೆ ತಳ್ಳುತ್ತಿದ್ದರು.

ಮೊದಲ ಹೋಟೆಲಿನ ಹಾಸಿಗೆಯಲ್ಲಿ ಅವರ ಕೈ ಮೊಣಕೈವರೆಗೆ ಹೂತುಹೋಯಿತು. “ಇದೇನು ಹಾಸಿಗೆನೋ ಕೆಸರುಗದ್ದೆನೋ? ಬೆಳಿಗ್ಗೆ ಹಗ್ಗ ಹಾಕಿ ಎಳೀಬೇಕು ಇವಳನ್ನ!” ಎಂದು ಹೊರಬಂದರು. ಎರಡನೆಯ ಹೋಟೆಲಿನದಕ್ಕೆ “ಚಪ್ಪಡಿ” ಎಂದು ಹೆಸರಿಟ್ಟರು.

“ಭಾವ, ಈ ಸುತ್ತಮುತ್ತ ಇನ್ನು ಉಳಿದಿರೋದು ಆ ಗಾಜಿನ ಹೋಟೆಲ್ ಒಂದೇ. ಅದೂ ಬೇಡ ಅಂದ್ರೆ ಅಕ್ಕನ್ನ ನನ್ನ ಡಿಕ್ಕೀಲಿ ಮಲಗಿಸ್ಬೇಕಾಗ್ತದೆ,” ಎಂದ ಭಾವಮೈದುನ.

ಗಾಜಿನ ಹೋಟೆಲಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ, ಅದರೊಳಗೆ ಕಂಡ ತಮ್ಮ ಮುಖಕ್ಕೇ ಯಜಮಾನರು ನಮಸ್ಕಾರ ಹೇಳಿದರು. ಕೋಣೆ ತೋರಿಸಲು ಬಂದ ಹೆಂಗಸು ಪರದೆ ಸರಿಸಿದಳು, ದೀಪ ಹಾಕಿದಳು, ಬಿಸಿನೀರು ಬರುತ್ತದೆಯೇ ನೋಡಲು ಸ್ನಾನದ ಮನೆಗೆ ಹೋದಳು. ಯಜಮಾನರು ಹೆಂಡತಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ ಹಾಸಿಗೆಗೆ ಅಂಗೈ ಊರಿದರು. ಅಂಗೈ ಏನೂ ಹೇಳಲಿಲ್ಲ. ಮೂಸಿದರು, ಕಿವಿಗೊಟ್ಟರು. ಹಾಸಿಗೆಯ ಹೊಟ್ಟೆಯೊಳಗೇನಿದೆ ಎಂದು ನೋಡದೆ ಹೆಂಡತಿಯನ್ನು ಮಲಗಿಸುವುದು ಹೇಗೆ? ಅಂಗಿಯ ಮಡಿಕೆಯಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ, ಹಾಸಿಗೆ ಹೊಲಿಯುವ ದಬ್ಬಳ ಕೈಗೆ ಬಂತು.

ಹೆಂಗಸು ಹೊರಬರುವಷ್ಟರಲ್ಲಿ ಹಾಸಿಗೆಯ ಒಂದು ಮೂಲೆ ಬಾಯಿ ಬಿಟ್ಟಿತ್ತು. ಯಜಮಾನರ ಕೈ ಅದರೊಳಗಿತ್ತು.

“ಅಯ್ಯಯ್ಯೋ! ಏನ್ರೀ ಇದು, ಹಾಸಿಗೇನೇ ಸೀಳಿದ್ದೀರಲ್ಲ!”

“ನೋಡಿದ್ಯಾ ತಾಯಿ? ಒಂದೆಳೆ ಹತ್ತಿ ಇಲ್ಲ, ಬರೀ ಸ್ಪಂಜು! ಪಾತ್ರೆ ತಿಕ್ಕೋಕೆ ಲಾಯಕ್ಕು. ಇದರ ಮೇಲೆ ಮನುಷ್ಯರಿಗೆ ನಿದ್ದೆ ಬರ್ತದಾ? ನಡಿಯೇ, ಹೋಗೋಣ!”

ನಡೆಯಬೇಕಾದವಳು ನಡೆದರೆ ತಾನೇ? ನಿಂತು ನಿಂತು ಸೋತ ಹೆಂಡತಿ ಹಾಸಿಗೆಯ ಆಚೆ ತುದಿಯಲ್ಲಿ ಹಾಗೇ ಒರಗಿ, ಕಿಟಕಿಯ ಗಾಜು ನಡುಗುವಂತೆ ಗೊರಕೆ ಹೊಡೆಯುತ್ತಿದ್ದಳು.

ಬೈಯಲು ಬಾಯಿ ತೆರೆದ ಹೆಂಗಸು ದನಿ ತಗ್ಗಿಸಿದಳು. “ಮೊದ್ಲು ಅದನ್ನ ಹೊಲೀರಿ. ಸದ್ದು ಮಾಡ್ಬೇಡಿ, ಅಮ್ಮಂಗೆ ಎಚ್ಚರ ಆದೀತು.”

ಯಜಮಾನರು ಮೊಣಕಾಲೂರಿ ಬಾಯಿ ಮುಚ್ಚಿಕೊಂಡು ಹೊಲಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮಗ್ಗುಲು ಬದಲಿಸುವಾಗ ಆಕೆಯ ಬಾಯಿಂದ ಬರುವ “ಅಮ್ಮಾ” ಈಗ ಬಂದೀತು, ಆಗ ಬಂದೀತು ಎಂದು ಕಾದರು. ಮಗ್ಗುಲು ಬದಲಾಯಿತು. “ಅಮ್ಮಾ” ಬರಲೇ ಇಲ್ಲ.

ಬೆಳಿಗ್ಗೆ ಆಕೆ ಗೋಡೆ ಹಿಡಿಯದೆ ಎದ್ದಳು. ಬಗ್ಗಿ, ಮಂಚದಡಿಯ ಚಪ್ಪಲಿಯನ್ನು ತಾನೇ ಎಳೆದುಕೊಂಡಳು. ಅದನ್ನು ಕಂಡು ಯಜಮಾನರ ಕಣ್ಣು ಮಂಜಾಯಿತು. ನಿದ್ದೆಗೆಟ್ಟ ಕಣ್ಣು, ಉರಿ ಎಂದರು.

“ಆಪರೇಷನ್ ಬೇಡ. ಮನೇಲಿರೋ ಹಾಸಿಗೆ ಎಸೀರಿ, ಸಾಕು,” ಎಂದರು ಡಾಕ್ಟರು. ಯಜಮಾನರು ಬಿಟ್ಟ ನಿಟ್ಟುಸಿರಿಗೆ ಡಾಕ್ಟರ ಮೇಜಿನ ಕಾಗದಗಳೆಲ್ಲ ವರಾಂಡಕ್ಕೆ ಹಾರಿದವು.

ಟ್ಯಾಕ್ಸಿಯಲ್ಲಿ ಭಾವಮೈದುನ ಬಿಡುತ್ತಾನೆಯೇ? “ಏನ್ ಭಾವ, ನಿಮ್ಮ ಅಂಗೈ ಶಾಸ್ತ್ರ ಮಣ್ಣುಮುಕ್ತಲ್ಲ! ಪಾತ್ರೆ ತಿಕ್ಕೋ ಸ್ಪಂಜೇ ಅಕ್ಕನ್ನ ಕಾಪಾಡ್ತು.”

“ಹೂಂ ಕಣೋ,” ಎಂದಳು ಆಕೆ, ಆರಾಮಾಗಿ ಬೆನ್ನು ಚಾಚಿ. “ಕಟ್ಕೊಂಡೋರ ಹಾಸಿಗೆ ಸೊಂಟ ಮುರೀತು, ಯಾರದೋ ಹಾಸಿಗೆ ಸರಿ ಮಾಡ್ತು.”

ಯಜಮಾನರು ತಿರುಗಿ ಕೂತರು. “ಯಾರದೋ ಅಂತೆ, ಯಾರದೋ! ಮೂಲೆ ಹೊಲಿದೋನು ಯಾರು? ನನ್ನ ಹೊಲಿಗೆ ಬಿದ್ದ ಮೇಲೆ ಅದು ನನ್ನ ಹಾಸಿಗೆ ಕಣೇ!”