ಎ.ಸಿ. ಗಾಳಿಯ ಕೆಮ್ಮು

ಈಗ ನಾನು ಬಾಡಿಗೆ ಗಾಡಿ ಓಡಿಸುತ್ತೇನೆ. ಮೆಣಸಿನಕಾಯಿ ಚೀಲ ಹೇರಿಕೊಂಡು ರಾಣೆಬೆನ್ನೂರಿನ ಮಾಲ್ ಮುಂದೆ ಹಾಯುವಾಗ ಪ್ರತಿ ಸಲ ನಗು ಬರುತ್ತದೆ. ಪಕ್ಕದಲ್ಲಿ ಕೂತ ಹಮಾಲ ಯಾಕೆ ಅಂತ ಕೇಳುತ್ತಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಮಾಲ್ ಶುರುವಾದಾಗ ನನಗೆ ಹದಿನಾರು ವರ್ಷ. ಮೂರೇ ಮಹಡಿ. ದೊಡ್ಡ ಊರಿನವರು ಅದನ್ನು ಮಾಲ್ ಅನ್ನುತ್ತಾರೋ ಇಲ್ಲವೋ, ನಾವು ಅನ್ನುತ್ತಿದ್ದೆವು. ಒಳಗೆ ಎ.ಸಿ. ಇತ್ತು. ತಾನೇ ಮೇಲೆ ಹೋಗುವ ಮೆಟ್ಟಿಲು ಇತ್ತು. ಇನ್ನೇನು ಬೇಕು?

ಆಗ ನಾನು ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದೆ. ಜೊತೆಗೆ ನನ್ನ ಗೆಳೆಯ, ನಮ್ಮ ಓಣಿಯ ದರ್ಜಿಯ ಮಗ. ಅವನೂ ಫೇಲು. ಅಪ್ಪ ದರ್ಜಿಯಾದರೂ ಅವನಿಗೆ ಅಂಗಿ ಹೊಲಿಯಲು ಬರುತ್ತಿರಲಿಲ್ಲ, ಚೀಲ ಮಾತ್ರ ಬರುತ್ತಿತ್ತು. ನಸುಕಿನಲ್ಲಿ ಹೋದರೆ ಹನ್ನೆರಡಕ್ಕೆ ಕೆಲಸ ಮುಗಿಯುತ್ತಿತ್ತು. ಆಮೇಲೆ ಎಲ್ಲಿಗೆ ಹೋಗುವುದು? ಹಾವೇರಿಗೆ ಹೋದರೆ ಬರೀ ಕಚೇರಿ, ದವಾಖಾನೆ. ರಾಣೆಬೆನ್ನೂರಿಗೆ ಹೋದರೆ ಮಾಲ್. ಬಸ್ ಹತ್ತಿಬಿಟ್ಟೆವು.

ಮೊದಲ ದಿನ ಕೆಲಸದ ಬಟ್ಟೆಯಲ್ಲೇ ಹೋದೆವು. ಬಾಗಿಲಲ್ಲಿ ನೀಲಿ ಅಂಗಿಯ ಕಾವಲುಗಾರ, ದೊಡ್ಡ ಮೀಸೆಯ ವಯಸ್ಸಾದ ಮನುಷ್ಯ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ನಾವು ಒಳಗೆ ನುಗ್ಗಿದೆವು. ಆ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಬಟ್ಟೆ ಮಾರುವ ಮಹಡಿಗೆ ಹೋದೆವು. ಎ.ಸಿ. ಗಾಳಿ ನೇರ ಬೆನ್ನಿಗೆ ಬಡಿಯುವ ಜಾಗ ಹುಡುಕಿ ನಿಂತೆವು.

ಐದು ನಿಮಿಷಕ್ಕೆ ಅಂಗಿ ಮಡಚುತ್ತಿದ್ದ ಹುಡುಗಿ ಸೀನಿದಳು. ಆಮೇಲೆ ಅವಳ ಪಕ್ಕದವಳು. ಸೀರೆ ನೋಡುತ್ತಿದ್ದ ಹೆಂಗಸು ಕೆಮ್ಮತೊಡಗಿದಳು. ಅವಳ ಗಂಡ ಕಣ್ಣೊರೆಸಿಕೊಂಡ.

"ನೋಡಲೇ, ಈ ಊರಾಗ ಎಲ್ಲಾರಿಗೂ ನೆಗಡಿ ಐತಿ," ಅಂದ ಗೆಳೆಯ.

"ಎ.ಸಿ. ಗಾಳಿಗೆ ಹಂಗ ಆಗತೈತಿ. ದಿನಾ ಕುಡದ್ರ ಎದಿ ಕಟ್ಟತೈತಿ," ಅಂದೆ ನಾನು.

"ಮತ್ತ ನಮಗ್ಯಾಕ ಏನೂ ಆಗವಲ್ದು?"

"ನಾವು ಗಟ್ಟಿ ಅದೇವಿ."

ಖರೇ ಹೇಳುತ್ತೇನೆ, ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಬ್ಯಾಡಗಿಯಲ್ಲಿ ಹುಟ್ಟಿದವನಿಗೆ ಮೆಣಸಿನಕಾಯಿ ಘಾಟು ಗೊತ್ತೇ ಆಗುವುದಿಲ್ಲ. ನಮ್ಮ ಅಂಗಿ, ತಲೆ, ಚಪ್ಪಲಿ ಎಲ್ಲದರಲ್ಲೂ ಕೆಂಪು ಧೂಳು ಕೂತಿತ್ತು. ಎ.ಸಿ. ಅದನ್ನು ನಮ್ಮ ಮೈಯಿಂದ ಎತ್ತಿ ಇಡೀ ಮಹಡಿಗೆ ಹಂಚುತ್ತಿತ್ತು. ನಾಲ್ಕು ಮಧ್ಯಾಹ್ನ ಹೀಗೇ ನಡೆಯಿತು. ಐದನೇ ದಿನ ಕಾವಲುಗಾರ ಎದ್ದು ಬಂದ. ನನ್ನ ಹೆಗಲ ಹತ್ತಿರ ಮೂಗು ತಂದು ಮೂರು ಸಲ ಸೀನಿದ.

"ಬ್ಯಾಡಗಿಯವ್ರೇನ್ರಲೇ?"

"ಹೌದ್ರಿ ಕಾಕಾ. ಹೆಂಗ ಗೊತ್ತಾತು?"

"ಹೆಂಗ ಅಂತ ಕೇಳ್ತಾನ! ನಾಕ ದಿನದಿಂದ ಎಲ್ಲಾರೂ ಕೆಮ್ಮಾಕತ್ತಾರ."

"ಅದು ಎ.ಸಿ. ಗಾಳಿರಿ ಕಾಕಾ. ದಿನಾ ಕುಡದ್ರ ಎದಿ ಕಟ್ಟತೈತಿ."

"ನಿನ್ನ ಅಂಗಿ ಝಾಡಿಸಿ ನೋಡಲೇ, ಯಾರ ಎದಿ ಕಟ್ಟತೈತಿ ಗೊತ್ತಾಗತೈತಿ. ನಡೀರಿ ಹೊರಗ. ಮ್ಯಾನೇಜರ್ ಸಾಹೇಬ್ರು ನಿಮ್ಮನ್ನ ಒಳಗ ಬಿಡಬ್ಯಾಡ ಅಂದಾರ."

ವಾಪಸು ಬಸ್ ಹತ್ತಿದೆವು. ನಮ್ಮ ವಾರಿಗೆಯವರಿಗೆ ಕಾಲೇಜು ಇತ್ತು. ನಮಗೆ ಕೂರಲು ಜಾಗ ಇರಲಿಲ್ಲ. ಊರಲ್ಲಿ ಚಹಾದಂಗಡಿಗೆ ಹೋದರೂ "ಮತ್ತ ಪರೀಕ್ಷಾ ಕಟ್ಟಿದಿಯೇನು?" ಅಂತ ಯಾರಾದರೂ ಕೇಳುತ್ತಿದ್ದರು. ಮಾಲ್‌ನಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೇಗಾದರೂ ಮಾಡಿ ಮತ್ತೆ ಒಳಗೆ ಹೋಗಬೇಕಿತ್ತು.

ಗೆಳೆಯ ತನ್ನ ಅಜ್ಜನ ಅತ್ತರ್ ಶೀಶೆ ಕದ್ದು ತಂದ. ಬಸ್‌ನಲ್ಲಿ ಇಬ್ಬರೂ ಸುರಿದುಕೊಂಡೆವು. ಕಂಡಕ್ಟರ್ ಕಿಟಕಿಗಳನ್ನೆಲ್ಲ ತೆಗೆಸಿದ. ಕಾವಲುಗಾರ ನಮ್ಮನ್ನು ದೂರದಿಂದ ನೋಡಿಯೇ ಮೂಗು ಮುಚ್ಚಿಕೊಂಡ.

"ಮೊದ್ಲ ಬರೇ ಖಾರ ಇತ್ತು. ಈಗ ಖಾರಕ್ಕ ಮಲ್ಲಿಗಿ ಮಾಲಿ ಹಾಕಿ ತಂದೀರಲ್ಲೋ! ಜಳಕಾ ಮಾಡ್ರಲೇ, ಜಳಕಾ! ಮೈ ತೊಳದು ಬ್ಯಾರೆ ಅರಬಿ ಹಾಕ್ಕೊಂಡ ಬಂದ್ರ ಬಿಡ್ತೇನಿ. ಮ್ಯಾನೇಜರ್ ಕೇಳಿದ್ರ ನಾ ಹೇಳ್ತೇನಿ."

ಬ್ಯಾಡಗಿಯಲ್ಲಿ ಜಳಕ ಮಾಡಿದರೆ ಉಪಯೋಗ ಇಲ್ಲ. ಹಗ್ಗದ ಮೇಲೆ ಒಣಗುವ ಬಟ್ಟೆಗೂ ಘಾಟು ಹತ್ತುತ್ತದೆ. ಗೆಳೆಯನ ಖಾಲಾ, ಅಂದರೆ ಅವನ ತಾಯಿಯ ತಂಗಿ, ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ ಹಿಂದೆ ಇದ್ದಳು. ಅವಳ ಮನೆಗೆ ಹೋದೆವು.

"ಎಲ್ಲಾ ಹುಡುಗ್ರು ಜಳಕಾ ತಪ್ಪಸಾಕ ನೋಡ್ತಾವ. ನೀವು ಜಳಕಾ ಮಾಡಾಕ ಬಸ್ ಹತ್ತಿ ಬಂದೀರಿ? ಯಾವುದರ ಹುಡುಗೀನ ನೋಡೀರೇನು?" ಅಂದಳು ಖಾಲಾ.

"ಇಲ್ಲ ಖಾಲಾ, ಮೆಟ್ಟಲಾ ನೋಡೇವಿ," ಅಂದ ಗೆಳೆಯ.

ಅವಳು ಬಿದ್ದು ಬಿದ್ದು ನಕ್ಕಳು. ಬಟ್ಟೆ ಒಗೆಯುವ ಸಾಬೂನು ಕೊಟ್ಟು ತಲೆ ತಿಕ್ಕಿಕೊಳ್ಳಿ ಅಂದಳು. ನಮ್ಮಿಬ್ಬರ ಒಂದೊಂದು ಜೊತೆ ಬಟ್ಟೆಯನ್ನು ಅಲ್ಲೇ ಟ್ರಂಕಿನಲ್ಲಿ ಇಟ್ಟುಕೊಂಡಳು. ಒದ್ದೆ ತಲೆಯಲ್ಲೇ ಮಾಲ್‌ಗೆ ಓಡಿದೆವು. ದಲ್ಲಾಳಿ ಮೆಣಸಿನಕಾಯಿ ಮುರಿದು ಮೂಸುವ ಹಾಗೆ ಕಾವಲುಗಾರ ಇಬ್ಬರ ತಲೆ ಹಿಡಿದು ಮೂಸಿದ. ಸೀನು ಬರಲಿ ಅಂತ ಕಾದ. ಬರಲಿಲ್ಲ.

"ಹೋಗ್ರಿ," ಅಂದ.

ಆಮೇಲಿನ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಏನೂ ಮಾಡುತ್ತಿರಲಿಲ್ಲ. ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದೆವು, ತೆಗೆದಿಡುತ್ತಿದ್ದೆವು. ಗಿರಾಕಿ ಇಲ್ಲದಾಗ ಮೆಟ್ಟಿಲು ಬಂದ್ ಮಾಡಿರುತ್ತಿದ್ದರು. ನಾವು ಹೋದರೆ ಕಾವಲುಗಾರ ಕಾಕಾ ಸುತ್ತ ನೋಡಿ ಗುಂಡಿ ಒತ್ತುತ್ತಿದ್ದ. ನಮ್ಮಿಬ್ಬರಿಗೋಸ್ಕರ ಇಡೀ ಮೆಟ್ಟಿಲು ಓಡುತ್ತಿತ್ತು.

ಒಂದು ದಿನ ಅವನೇ ಮೆಲ್ಲಗೆ ಕರೆದ. "ತಮ್ಮಾ, ನಮ್ಮ ಮನ್ಯಾಕಿ ಮೇಡ್ಲೇರಿ ಊರಾಗ ಕುಂತು ಜೀವಾ ತಿನ್ನಾಕತ್ಯಾಳ. ಬ್ಯಾಡಗಿ ಹುಡುಗ್ರ ದೋಸ್ತಿ ಮಾಡಿ ಒಂದ ಕಿಲೋ ಖಾರಪುಡಿ ತರಸಾಕ ಆಗಲಿಲ್ಲೇನು ಅಂತಾಳ."

ನಮ್ಮವ್ವ ಕುಟ್ಟಿಸಿ ಕೊಟ್ಟಳು. ಇನ್ನೂ ಬೆಚ್ಚಗಿದ್ದ ಖಾರಪುಡಿಯ ಗಂಟನ್ನು ಕಾಕಾನ ಕೈಗೆ ಕೊಟ್ಟೆ. ಅವನು ಬಾಗಿಲ ಹತ್ತಿರ ಗಿರಾಕಿಗಳ ಚೀಲ ಇಡುವ ಗೂಡಿನಲ್ಲಿ ಇಟ್ಟ. ಇಟ್ಟವನು ಸುಮ್ಮನಿರಬೇಕಲ್ಲ. ಬಣ್ಣ ನೋಡಲು ಗಂಟು ಬಿಚ್ಚಿದ. ಮೇಲೆಯೇ ಎ.ಸಿ. ಇತ್ತು.

ಎರಡು ನಿಮಿಷಕ್ಕೆ ಮೂರೂ ಮಹಡಿ ಕೆಮ್ಮಿತು. ಕಾಕಾ ಗಂಟು ಕಟ್ಟುವಷ್ಟರಲ್ಲಿ ಮ್ಯಾನೇಜರ್ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಇಳಿದು ಬಂದ. ನೇರ ನಮ್ಮ ಕಡೆ ಬೆರಳು ತೋರಿಸಿದ.

"ಈ ಹುಡುಗ್ರನ್ನ ಮತ್ತ ಒಳಗ ಬಿಟ್ಟಿಯೇನು?"

ಮುಗಿಯಿತು ಅಂದುಕೊಂಡೆ. ಕಾಕಾ ಖರೇ ಹೇಳಿದರೆ ಅವನ ನೌಕರಿ ಹೋಗುತ್ತಿತ್ತು. ನಮ್ಮ ಮೇಲೆ ಹಾಕಿದರೆ ನಮ್ಮ ಮಾಲ್ ಹೋಗುತ್ತಿತ್ತು. ಕಾಕಾನ ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಅವನು ನೆಟ್ಟಗೆ ನಿಂತು ಹೇಳಿದ:

"ಹುಡುಗ್ರು ಜಳಕಾ ಮಾಡ್ಯಾರ್ರಿ ಸಾಹೇಬ್ರ, ಬೇಕಾದ್ರ ಮೂಸಿ ನೋಡ್ರಿ. ಇದು ಎ.ಸಿ. ಗಾಳಿರಿ. ದಿನಾ ಕುಡದ್ರ ಎದಿ ಕಟ್ಟತೈತಿ."

ಮ್ಯಾನೇಜರ್ ನಿಜವಾಗಿಯೂ ಬಗ್ಗಿ ನನ್ನ ತಲೆ ಮೂಸಿದ. ಖಾಲಾ ಕೊಟ್ಟ ಸಾಬೂನಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಎ.ಸಿ. ರಿಪೇರಿಯವನಿಗೆ ಫೋನ್ ಹಚ್ಚುತ್ತಾ ಹೊರಗೆ ಹೋದ.

ಕಾಕಾ ಮೀಸೆ ಒರೆಸಿಕೊಂಡು ಗುಂಡಿ ಒತ್ತಿದ. "ನಡೀರಿ, ಲಗೂನ ಮ್ಯಾಲ ಹೋಗ್ರಿ. ಅಲ್ಲೀ ಮಟ ನಗಬ್ಯಾಡ್ರಿ."

ಅರ್ಧ ಮೆಟ್ಟಿಲಿನವರೆಗೆ ತಡೆದುಕೊಂಡೆವು.